ರೋಸೆ ಸೆರದೇಲ್ ಮತ್ತು

೧

ಎಲ್ಲಿಂದ ಶುರು ಮಾಡ್ಲಿ, ನೀವೇ ಹೇಳಿ. ಹುಟ್ಟಿನಿಂದ ಶುರು ಮಾಡಿದ್ರೆ ಜೀವನಚರಿತ್ರೆ, ಜೈಲಿನಿಂದ ಮಾಡಿದ್ರೆ ಕರಪತ್ರ. ಮೊದಲನೇ ಡ್ರಾಫ್ಟ್‌ನಲ್ಲಿ "ಕತಲೂನ್ಯದ ಆಕಾಶ ಕೆಂಪಾಗಿತ್ತು" ಅಂತ ಬರೆದಿದ್ದೆ. ರೋಸೆ ಓದಿ, "ಕೆಂಪಾಗಿದ್ದು ಆಕಾಶ ಅಲ್ಲ ಕಣಯ್ಯಾ, ನನ್ನ ಮುಖ. ಸಿಟ್ಟಿಗೆ," ಅಂದ್ಲು. ಹರಿದು ಹಾಕ್ದೆ.

೨

ರೋಸೆ ಓಲೋತ್ ಕಡೆಯ ಒಂದು ಸಣ್ಣ ಊರಲ್ಲಿ ಔಷಧಿ ಅಂಗಡಿ ಇಟ್ಟಿದ್ದೋಳು. ಜನರ ಕೆಮ್ಮು ಕೇಳ್ತಾ ಕೇಳ್ತಾ ದೂರೂ ಕೇಳೋಕೆ ಶುರು ಮಾಡಿದ್ಲು. ಪುರಸಭೆ ಸದಸ್ಯೆ ಆದ್ಲು, ಆಮೇಲೆ ಮೇಯರ್. ಕತಲೂನ್ಯ ಸ್ಪೇನ್‌ನಿಂದ ಬಿಟ್ಟು ಬೇರೆ ದೇಶ ಆಗ್ಬೇಕಾ ಬೇಡ್ವಾ, ಜನರನ್ನೇ ಕೇಳೋಣ ಅಂದ್ಲು. ಕೋರ್ಟು ಕೂಡದು ಅಂತು. ಇವಳು ಮತಪೆಟ್ಟಿಗೆಗಳನ್ನ ಕೆಮ್ಮಿನ ಸಿರಪ್ ಡಬ್ಬಗಳ ಹಿಂದೆ ಬಚ್ಚಿಟ್ಟು, ಬೆಳಗಾಗ್ತಿದ್ದ ಹಾಗೆ ಶಾಲೆಗೆ ಸಾಗಿಸಿದ್ಲು. ಮೂರು ವರ್ಷ ಎಂಟು ತಿಂಗಳಿಂದ ಜೈಲಲ್ಲಿದ್ದಾಳೆ.

(ಮತ ಕದ್ದವರು ಮಂತ್ರಿ, ಮತ ಕೇಳಿದವರು ಕಂತ್ರಿ. ಪ್ರಾಸ ನನ್ನದು, ನ್ಯಾಯ ಅವರದು.)

೪

(ಮೂರನೆಯದರಲ್ಲಿ ಜೈಲಿನ ಕಿಟಕಿಗೆ ಒಂದು ಗುಬ್ಬಿ ಬಂದು ಕೂತಿತ್ತು. ನನಗೇ ನಾಚಿಕೆಯಾಗಿ ಓಡಿಸ್ದೆ.)

ಇವತ್ತು ಸಂತ್ ಜುವಾನ್ ಹಬ್ಬದ ಹಿಂದಿನ ದಿನ. ಸಂಜೆ ಊರೂರಲ್ಲಿ ಬೆಂಕಿ ಹಾಕ್ತಾರೆ. ಸರ್ಕಾರ ಕ್ಷಮೆ ಕೊಟ್ಟಿದೆ, ರೋಸೆಯ ಬಿಡುಗಡೆ ಕಾಗದ ಬಂದಿದೆ. ಮಧ್ಯಾಹ್ನ ಎರಡು ಗಂಟೆಯೊಳಗೆ ಸಹಿ ಹಾಕಿದ್ರೆ ಇವತ್ತೇ ಮನೆ. ಇಲ್ಲಾಂದ್ರೆ ಜೈಲಿನ ಆಫೀಸಿಗೆ ಬೀಗ, ಹಬ್ಬ ಮುಗಿಯೋವರೆಗೆ. ಗೇಟಿನಾಚೆ ಮಡಚೋ ಕುರ್ಚಿಯಲ್ಲಿ ಅವಳ ತಾಯಿ ನೆವುಸಜ್ಜಿ ಕೂತಿದ್ದಾರೆ, ಎಂಬತ್ತಾರು ವರ್ಷ, ತೊಡೆ ಮೇಲೆ ಹಬ್ಬದ ಸಿಹಿರೊಟ್ಟಿ. (ಹೆಸರು ನೆವುಸ್, ಆದ್ರೆ ನೆವ ಹೇಳಿ ಗೊತ್ತಿಲ್ಲ.)

ಹಾಗಾದ್ರೆ ಸಹಿ ಹಾಕೋಕೇನು ರೋಗ?

ರೋಗ ಒಂದಕ್ಷರದ್ದು. ಇಲ್ಲಿ ಅಪ್ಪನ ಮನೆ ಹೆಸರಿಗೂ ಅಮ್ಮನ ಮನೆ ಹೆಸರಿಗೂ ನಡುವೆ 'ಇ' ಅಂತ ಹಾಕ್ತಾರೆ. 'ಇ' ಅಂದ್ರೆ 'ಮತ್ತು'. ರೋಸೆ ಸೆರದೇಲ್ ಇ ಬ್ರುಗಾದ. ಬರೆಯೋದು i, ಒಂದು ಕಡ್ಡಿ, ಮೇಲೊಂದು ಚುಕ್ಕಿ. ಸ್ಪ್ಯಾನಿಷ್‌ನಲ್ಲೂ ಅದು 'ಇ'ನೇ, ಆದ್ರೆ ಬರೆಯುವಾಗ ಚುಕ್ಕಿ ಹೋಗಿ ಬಾಲ ಬರುತ್ತೆ, y. ಕಾಗದದಲ್ಲಿ ಬಾಲ ಬಂದಿತ್ತು.

"ಮೇಡಂ, ಎರಡರದ್ದೂ ಸದ್ದು ಒಂದೇ," ಅಂದ ಗುಮಾಸ್ತ.

"ಸದ್ದು ಒಂದೇ, ಸುದ್ದಿ ಬೇರೆ. ತಿದ್ದಿ."

"ತಿದ್ದೋಕೆ ರಾಜಧಾನಿಗೆ ಕಳಿಸ್ಬೇಕು, ಹಬ್ಬ ಆದ್ಮೇಲೆ. ಸುಮ್ನೆ ಕಡ್ಡೀನ ಗುಡ್ಡ ಮಾಡ್ಬೇಡಿ."

"ನಮ್ಮೂರ ಗುಡ್ಡ ನೋಡಿದ್ದೀರೇನ್ರಿ? ಎಲ್ಲಾ ಜ್ವಾಲಾಮುಖಿ. ಆರಿವೆ ಅಂತ ನಕ್ಷೇಲಿ ಬರೆದಿದೆ, ಅಷ್ಟೇ. ಮಾಡದ ತಪ್ಪಿಗೆ, ಕೇಳದ ಕ್ಷಮೆ, ಇಲ್ಲದ ಹೆಸರಿಗೆ! ಮೂರೂ ನಿಮ್ಮದೇ. ನನ್ನದು ಅಂತ ಉಳಿದಿರೋದು ಸಹಿ ಒಂದು."

(ಕನ್ನಡದಲ್ಲಿ 'ಮತ್ತು' ಅಂದ್ರೆ ಅಮಲೂ ಹೌದು ಅಂತ ರೋಸೆಗೆ ಹೇಳಿದ್ದೆ. "ನಮಗೆ ಅದು ಇನ್ನೂ ಇಳಿದಿಲ್ಲ," ಅಂದಿದ್ಲು.)

೫

ನೆವುಸಜ್ಜಿ ಚಿಕ್ಕವರಿದ್ದಾಗ, ಇಲ್ಲಿನ ಭಾಷೆಗೆ ನಿಷೇಧ ಇದ್ದ ಕಾಲದಲ್ಲಿ, ಶಾಲೆಯಲ್ಲಿ ತಮ್ಮ ಹೆಸರಿನ ನಡುವೆ ಚುಕ್ಕಿ ಇಟ್ಟ 'ಇ' ಬರೆದಿದ್ರು. ಮೇಷ್ಟ್ರು ರೂಲುದೊಣ್ಣೆಯಿಂದ ಹತ್ತು ಕೊಟ್ಟು, ಕೆಂಪು ಶಾಯಿಯಲ್ಲಿ ಬಾಲ ಎಳೆದ್ರು. ಇದು ಸಿಕ್ಕಿದ್ದೇ ನನಗೆ ಹಬ್ಬ. ಅಜ್ಜಿ ಗೇಟು ಹಿಡಿದು "ಸಹಿ ಹಾಕ್ಬೇಡ ಮಗಳೇ!" ಅಂತ ಕೂಗೋ ಹಾಗೆ ಬರೆದುಬಿಟ್ಟೆ.

"ನನ್ನ ಬಾಯಿಗೆ ಬಾವುಟ ತುರುಕ್ಬೇಡ!" ಅಜ್ಜಿ ಕುರ್ಚಿಯಿಂದಲೇ ನನ್ನ ಮೇಲೆ ಗದರಿದ್ರು. "ಒಳಗೆ ಹೋಗಿ ಆ ಕತ್ತೆಗೆ ಹೇಳು. ಪೆಟ್ಟು ತಿಂದೋಳು ನಾನು, ಹಟ ಅವಳಿಗ್ಯಾಕೆ? ಸಹಿ ಹಾಕಿ ಬರ್ಲಿ, ರೊಟ್ಟಿ ಗಟ್ಟಿಯಾಗ್ತಿದೆ."

(ಇಲ್ಲಿ ಕತ್ತೆ ಅಂದ್ರೆ ಬೈಗುಳವೂ ಹೌದು, ಕತಲೂನ್ಯದ ಗುರುತು ಅಂತ ಕಾರಿನ ಹಿಂದೆ ಅಂಟಿಸ್ಕೊಳ್ಳೋ ಹೆಮ್ಮೆಯೂ ಹೌದು. ಅಜ್ಜಿ ಯಾವ ಅರ್ಥದಲ್ಲಿ ಅಂದ್ರೋ.)

ಕಥೆಗಾರನಿಗೆ ಜೈಲಿನ ಗೇಟು ಅಡ್ಡಿಯಿಲ್ಲ. ಹೋಗಿ ಹೇಳ್ದೆ.

"ಅಮ್ಮನ ಜೊತೆ ಬೆಂಕಿ ಮುಂದೆ ಕೂರೋ ಆಸೆ ನನಗಿಲ್ವಾ?" ರೋಸೆಯ ದನಿ ಬಿರಿಯಿತು. "ಆದ್ರೆ ಆ 'ಮತ್ತು' ಆದ್ಮೇಲೆ ಇರೋದು ಯಾರ ಹೆಸರಯ್ಯಾ? ಅಮ್ಮಂದು. ಅಮ್ಮ ನನ್ನ ಹೆಸರೊಳಗೆ ಇನ್ನೊಬ್ಬರ ಬಾಲ ಹಿಡ್ಕೊಂಡು ಬರ್ಬೇಕಾ?"

೬

ಕೊನೆ ಅ: ಸಹಿ ಹಾಕಿದ್ಲು. ನಾಳೆ ಪೇಪರಿನಲ್ಲಿ "ಮಣಿದಳು."

ಕೊನೆ ಆ: ಹಾಕ್ಲಿಲ್ಲ. ಪೇಪರಿನಲ್ಲಿ "ಮಣಿಯಲಿಲ್ಲ." ಅಜ್ಜಿ ರೊಟ್ಟಿ ಹಿಡ್ಕೊಂಡು ಒಬ್ಬರೇ ಬಸ್ ಹತ್ತಿದ್ರು. (ಎರಡರಲ್ಲೂ ಪೇಪರಿಗೆ ಸುಗ್ಗಿ.)

ಕೊನೆ ಇ: (ಅದೇ ಅಕ್ಷರ! ಆಣೆ, ನಾನು ಬೇಕಂತ ಮಾಡಿದ್ದಲ್ಲ.)

ಎರಡಕ್ಕೆ ಐದು ನಿಮಿಷ. ರೋಸೆ ಉಗುರಿನಿಂದ ಕಾಗದದ ಮೇಲಿನ ಬಾಲ, ಜೊತೆಗೆ ಒಂದು ತೋಳು, ಕೆರೆದು ತೆಗೆದ್ಲು. ಕಡ್ಡಿ ಉಳೀತು. ಚುಕ್ಕಿ ಇಡೋಣ ಅನ್ನೋಷ್ಟರಲ್ಲಿ ಗುಮಾಸ್ತ ಪೆನ್ನು ಕಿತ್ಕೊಂಡ. ಅವಳು ನನ್ನ ಕಡೆ ಕೈ ಚಾಚಿದ್ಲು.

"ಕೊಡು."

"ಏನು?"

"ಕಥೆ ಮುಗಿಸೋಕೆ ಅಂತ ಜೇಬಲ್ಲಿ ಇಟ್ಕೊಂಡಿದ್ದೀಯಲ್ಲ, ಪೂರ್ಣವಿರಾಮ. ನಿನ್ನ ಕಥೆ ಮುಗೀದಿದ್ರೆ ಯಾರೂ ಸಾಯಲ್ಲ."

ಕೊಟ್ಟೆ. ಕಡ್ಡಿಯ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿದ್ಲು

ನನ್ನ ಹತ್ರ ಇದ್ದಿದ್ದು ಅದೊಂದೇ ಚುಕ್ಕಿ, ಈಗ ಅದು ಅವಳ ಅಮ್ಮನ ಹೆಸರಿನ ಬಾಗಿಲಲ್ಲಿ ಕೂತಿದೆ, ವಾಪಸ್ ಕೇಳೋ ಧೈರ್ಯ ನನಗಿಲ್ಲ, ತಿದ್ದಿದ ಕಾಗದ ನಡೆಯುತ್ತೋ ಇಲ್ವೋ ಗೊತ್ತಿಲ್ಲ, ಗುಮಾಸ್ತ ಮುದ್ರೆ ಎತ್ತಿ ಹಾಗೇ ನಿಂತಿದ್ದಾನೆ, ಗೇಟಿನಾಚೆ ಯಾರೋ ಕುರ್ಚಿ ಮಡಚೋ ಸದ್ದು, ಮತ್ತು