ಕ್ಲೆಮ್‌ನ ಒಂದು ನೆಟ್ಟಗಿನ ಕಾಲು

ನನ್ನ ಭಾವ ಕ್ಲೆಮ್ ಟ್ರಾಂಟರ್ ಕುರಿಗಳ ಉಣ್ಣೆ ಕತ್ತರಿಸುವವನು. ಹುಟ್ಟಿನಿಂದಲೇ ಅವನ ಕಾಲುಗಳು ಬಿಲ್ಲಿನಂತೆ ಡೊಂಕು. ಒದೆಯುವ ಕುರಿಗಳನ್ನು ಮೂವತ್ತು ವರ್ಷ ತೊಡೆಯ ನಡುವೆ ಅವುಚಿ ಹಿಡಿದು ಮಂಡಿಗಳನ್ನೂ ಸವೆಸಿಕೊಂಡ. ಅವನು ನೇರ ನಿಂತರೆ ಮಂಡಿಗಳ ನಡುವೆ ಕುರಿಮರಿ ದಾಟಬಹುದಿತ್ತು. ಊರಿನ ಕೋಲರೇನ್ ಪಬ್ಬಿನವರು ಒಮ್ಮೆ ದಾಟಿಸಿಯೂ ಇದ್ದರು.

ಬಲಗಾಲು ಹೆಚ್ಚು ನೋಯುತ್ತಿತ್ತು. ನಲವತ್ತಾರನೇ ವಯಸ್ಸಿನಲ್ಲಿ ಮೂಳೆ ಡಾಕ್ಟರ್ ಫಿಲಿಪಾ ಜಾಬೊ ಹತ್ತಿರ ಹೋದ.

"ಮಂಡಿ ಒಳಬದಿ ಮಾತ್ರ ಸವೆದಿದೆ. ಕೆಳಗಿನ ಮೂಳೆ ಕೊಯ್ದು, ಸ್ವಲ್ಪ ಬಿಡಿಸಿ ನೆಟ್ಟಗೆ ಮಾಡಿ, ಲೋಹದ ಪಟ್ಟಿ ಹಾಕಿ ಸ್ಕ್ರೂ ಬಿಗೀತೀನಿ. ಭಾರ ಹೊರಬದಿಗೆ ಹೋಗುತ್ತೆ. ಹತ್ತು ವರ್ಷ ಬಂದ್ರೆ ಪುಣ್ಯ. ಆಮೇಲೆ ಕೀಲನ್ನೇ ಬದಲಾಯಿಸ್ಬೇಕಾಗ್ಬಹುದು."

"ನನ್ನ ಟ್ರಕ್ಕೇ ಹತ್ತು ವರ್ಷ ಬರಲ್ಲ ಡಾಕ್ಟ್ರೇ. ಕೊಯ್ದು ಹಾಕಿ."

ಆಮೇಲೆ ಆರು ವಾರ ಊರುಗೋಲು. ಸೋಫಾದ ಮೇಲೆ ಮಲಗಿ ನನ್ನ ಅಕ್ಕ ನೋಲಾಳ ಮೇಲೆ ದರ್ಬಾರು ನಡೆಸಿದ. ಎಡಗಾಲು ಯಾವಾಗ ಎಂದು ಡಾಕ್ಟರ್ ಕೇಳಿದಾಗ ಅಕ್ಕನೇ ಉತ್ತರ ಕೊಟ್ಟಳು: "ಅದನ್ನ ಕೊಯ್ಯೋದಾದ್ರೆ ಇವನ ನಾಲಿಗೇನೂ ಜೊತೆಗೇ ಕೊಯ್ಯಿರಿ."

ಎಡಗಾಲು ಹಾಗೇ ಉಳಿಯಿತು. ಕ್ಲೆಮ್ ಈಗ ಬಲಗಡೆಯಿಂದ ನೋಡಿದರೆ ಪಾದ್ರಿ, ಎಡಗಡೆಯಿಂದ ನೋಡಿದರೆ ಕುಡುಕ. ಮತ್ತೆ ಕೊಟ್ಟಿಗೆಗೆ ಹೋಗಿ ಹನ್ನೊಂದು ವರ್ಷ ಉಣ್ಣೆ ಕತ್ತರಿಸಿದ. ಆದರೂ ಮೈಯಲ್ಲಿ ಎಲ್ಲಿ ನೋವು ಬಂದರೂ ಬೈಗುಳ ಬಲಗಾಲಿಗೇ. "ಆ ಡಾಕ್ಟರಮ್ಮ ಸರಿ ಮಾಡ್ತೀನಿ ಅಂತ ಹಾಳು ಮಾಡಿಟ್ಳು," ಎನ್ನುತ್ತಿದ್ದ.

ಹದಿನೆಂಟು ವರ್ಷದ ಮೇಲೆ, ಆಗ ಕೊಯ್ಯಿಸಿಕೊಂಡವರ ಕಾಲುಗಳು ಹೇಗಿವೆ ನೋಡೋಣವೆಂದು ಆಸ್ಪತ್ರೆಯವರು ಎಲ್ಲರನ್ನೂ ಕರೆದರು. ನಾನೇ ಕಾರಿನಲ್ಲಿ ಕರೆದೊಯ್ದೆ. ಅಲ್ಲಿ ಕಾಯುತ್ತಿದ್ದ ಏಳು ಜನರಲ್ಲಿ ಮೂವರು ಆಗಲೇ ಕೀಲು ಬದಲಾಯಿಸಿಕೊಂಡಿದ್ದರು. ಅವರಲ್ಲೊಬ್ಬಳು ಹಸು ಸಾಕುವ ವರ್ನಾ ಕಿಟ್ಟೊ.

"ನಂದು ಇನ್ನೂ ಹುಟ್ಟಿದಾಗಿನದ್ದೇ ಮಂಡಿ," ಎಂದು ಕ್ಲೆಮ್ ಕೊಚ್ಚಿಕೊಂಡ.

"ಮೂತೀನೂ ಹುಟ್ಟಿದಾಗಿನದ್ದೇ ಇರ್ಬೇಕು. ಅದನ್ನಾದ್ರೂ ಬದಲಾಯಿಸ್ಕೋಬಹುದಿತ್ತು," ಎಂದಳು ವರ್ನಾ.

ಒಳಗೆ ಜಾಬೊ ಎರಡು ಎಕ್ಸ್-ರೇ ತೋರಿಸಿದರು. ಅವರ ಕೂದಲು ನರೆತಿತ್ತು. ಬಲಮಂಡಿ ಸ್ವಲ್ಪವೇ ಸವೆದಿತ್ತು. ಎಡಮಂಡಿಯಲ್ಲಿ ಮೂಳೆಗೆ ಮೂಳೆ ಉಜ್ಜುತ್ತಿತ್ತು.

"ಇಷ್ಟು ವರ್ಷ ಬೈದಿದ್ದು ಯಾವ ಕಾಲಿಗೆ?" ಎಂದು ಕೇಳಿದರು.

ಕ್ಲೆಮ್ ಬಲಗಾಲನ್ನೊಮ್ಮೆ ನೋಡಿಕೊಂಡ. "ಎಡಗಾಲನ್ನೂ ಹೀಗೇ ಕೊಯ್ದು ನೆಟ್ಟಗೆ..."

"ಈಗ ಆಗಲ್ಲ ಕ್ಲೆಮ್. ಎಡಗಾಲಲ್ಲಿ ಹೊರಬದೀನೂ ಹೋಗಿದೆ. ಹೊಸ ಕೀಲೇ ಗತಿ."

ಹೊರಗೆ ಬಂದವನು ವರ್ನಾ ಪಕ್ಕ ಕುಳಿತ. ಮೆಲ್ಲಗೆ ಕೇಳಿದ: "ತುಂಬಾ ನೋಯುತ್ತಾ?" ಅವನು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ವರ್ನಾ ಈ ಸಲ ತಮಾಷೆ ಮಾಡಲಿಲ್ಲ. "ಮೊದಲ್ನೇ ತಿಂಗಳು ದೇವ್ರನ್ನೂ ಬಿಡ್ದೆ ಬೈದೆ. ನಾಲ್ಕನೇ ತಿಂಗಳು ಮಗಳ ಮದುವೇಲಿ ಕುಣಿದೆ. ಹೋಗಿ ಮಾಡಿಸ್ಕೋ."

ಮಾಡಿಸಿಕೊಂಡ. ಮೊದಲ ತಿಂಗಳು ಅವನೂ ದೇವರನ್ನು ಬಿಡಲಿಲ್ಲ. ವಸಂತ ಬರುವಷ್ಟರಲ್ಲಿ ಎರಡೂ ಕಾಲು ನೆಟ್ಟಗಾಗಿ, ಕೋಲಿಲ್ಲದೆ ಅಡುಗೆಮನೆಗೆ ನಡೆದು ಬಂದ. ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಾನು ಮದ್ವೆಯಾದೋನು ಇಷ್ಟು ಎತ್ತರ ಇರ್ಲಿಲ್ಲ," ಎಂದಳು.

ಕ್ಲೆಮ್ ಅದನ್ನು ಹೊಗಳಿಕೆಯೆಂದೇ ತಿಳಿದು, ಮೇಲಿನ ಕಪಾಟಿನಿಂದ ಬಿಸ್ಕತ್ತಿನ ಡಬ್ಬ ತಾನೇ ಇಳಿಸಿಕೊಂಡ.