ಪಾಸ್‌ಪೋರ್ಟ್ ನಂಬರಿನ ಪಕ್ಕ ಶೇಂಗಾ ಹೋಳಿಗೆ

“ಇನ್ನ ಮ್ಯಾಲ ಅನ್ನ ಕೊಡಾವ್ರಿಗೆ ಎದುರು ಮಾತಾಡಂಗಿಲ್ಲ ಅಂತ ಆಣಿ ಮಾಡು. ನನ್ನ ತಲಿ ಮ್ಯಾಲ ಕೈ ಇಟ್ಟು ಮಾಡು.”

ಪ್ರಿಯಾಂಕಾ ಇಟ್ಟಳು. ವಿಜಯಪುರದ ಶಾಲೆಯ ಹಿಂದಿನ ಗೋಡೆಗೆ ಒರಗಿ ಅವ್ವ ಅಳುತ್ತಿದ್ದಳು. ಅವ್ವ ಆ ಶಾಲೆಯ ಕಸಗುಡಿಸುವವಳು, ಮಗಳು ಅಲ್ಲೇ ಏಳನೆಯ ಇಯತ್ತೆ. ತರಗತಿಯಲ್ಲಿ ಯಾವನೋ ವಾಂತಿ ಮಾಡಿದ್ದ. “ನೀನೇ ಬಳಿ, ನಿಮ್ಮವ್ವನ ಕೆಲಸ ತಾನೇ” ಎಂದಿದ್ದರು ಹೆಡ್‌ಮೇಡಂ. “ಮಾಡಿದಾವ ಬಳೀಲಿ” ಎಂದಿದ್ದಳು ಪ್ರಿಯಾಂಕಾ. ಸಂಜೆಯ ಹೊತ್ತಿಗೆ ಅವ್ವನ ಕೆಲಸ ಹೋಗಿತ್ತು.

ಅಂದಿನಿಂದ ಅವಳ ನಾಲಗೆ ಹಲ್ಲಿನ ಬೇಲಿ ದಾಟಿರಲಿಲ್ಲ. ನರ್ಸಿಂಗ್ ಕಲಿತಾಗ ದಾಟಲಿಲ್ಲ, ಲಂಡನ್ನಿನ ವಿಮಾನ ಹತ್ತಿದಾಗ ದಾಟಲಿಲ್ಲ. ಈಗ ಇಲ್ಫರ್ಡಿನಲ್ಲಿ, ಸೀರೆ ಅಂಗಡಿಯ ಮೇಲಿನ ಆಫೀಸಿನಲ್ಲಿ, ಸಿದ್ದಲಿಂಗಪ್ಪನ ಮೇಜಿನ ಮುಂದೆ ನಿಂತಾಗಲೂ ಒಳಗೇ ಕುಳಿತಿತ್ತು.

“ನಿನ್ನ ಪಾಸ್‌ಪೋರ್ಟ್ ನಂಬರ್ ಏನ್ ಗೋಳಗುಮ್ಮಟದ ಕೀಲಿಯೇನಬೇ?” ಎಂದ ಸಿದ್ದಲಿಂಗಪ್ಪ. “ಯಾವನರೆ ಕದ್ದು ಏನ್ ಮಾಡ್ತಾನ? ನಿನ್ನ ಬ್ಯಾಂಕಿನಾಗ ಏನದ, ಹೆಗ್ಗಣಾನೂ ಉಪಾಸ ಇರ್ತದ.”

ಸಿದ್ದಲಿಂಗಪ್ಪನದು ಮುದುಕರ ಮನೆಗೆ ಆಳು ಕಳಿಸುವ ಏಜೆನ್ಸಿ. ಜಳಕ ಮಾಡಿಸಬೇಕು, ಉಣಿಸಬೇಕು, ಡೈಪರ್ ಬದಲಿಸಬೇಕು. ಆಳುಗಳೆಲ್ಲ ಅವನ ಹೆಸರಿನ ವೀಸಾದ ಮೇಲೆ ಬಂದವರು. ಅವರ ಹೆಸರು, ವಿಳಾಸ, ಪಾಸ್‌ಪೋರ್ಟ್, ಬ್ಯಾಂಕ್ ಖಾತೆ, ಹೆತ್ತವ್ವನ ಹೆಸರು ಎಲ್ಲವೂ ಕಂಪ್ಯೂಟರಿನ ಒಂದು ಹಾಳೆಯಲ್ಲಿದ್ದವು. ಅಲ್ಲೇ ‘ಕಿಚನ್’ ಎಂದೊಂದು ಕಾಲಂ. ನಮ್ಮ ಕಡೆಯ ಮುದುಕರ ಮನೆಗೆ ಯಾರ ಕೈಯಡುಗೆ ನಡೆಯುತ್ತದೆ, ಯಾರದು ನಡೆಯುವುದಿಲ್ಲ ಎಂದು ಸಿದ್ದಲಿಂಗಪ್ಪ ಸಂದರ್ಶನದಲ್ಲೇ ಕೇಳಿ ತುಂಬಿಸುತ್ತಿದ್ದ. ಪ್ರಿಯಾಂಕಾಳದು ‘ನೋ’. ಕುಂಡಿ ತೊಳೆಯುವ ಕೈ ಬೇಳೆ ತೊಳೆಯುವಂತಿರಲಿಲ್ಲ.

ಹಾಳೆ ಕದಿಯಲು ಯಾರೂ ಗೋಡೆ ಹಾರಿ ಬಂದಿರಲಿಲ್ಲ. ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ಬೆಂಗಳೂರಿನ ವರುಣ್ ಬಸವ ಜಯಂತಿಯ ಊಟಕ್ಕೆ ‘ಯಾರ ಮನೆಯಿಂದ ಏನು’ ಎಂಬ ಪಟ್ಟಿ ಮಾಡಿ, ಲಂಡನ್ನಿನ ಕನ್ನಡದವರ ವಾಟ್ಸಾಪ್ ಗುಂಪುಗಳಿಗೆಲ್ಲ ಲಿಂಕ್ ಹಾಕಿದ್ದ. ಹಾಕಿದ್ದು ಆಳುಗಳ ಹಾಳೆಯ ಲಿಂಕು. ನಮ್ಮ ಜನ ಒಳ್ಳೆಯವರು. ತೆರೆದರು, ಹೆಸರುಗಳಿದ್ದವು, ಪ್ರತಿ ಸಾಲಿನ ಕೊನೆಯಲ್ಲಿ ಖಾಲಿ ಜಾಗವಿತ್ತು, ತುಂಬಿದರು. ಕೊಟ್ಟಾಯಂ ನರ್ಸಿನ ಬ್ಯಾಂಕ್ ಖಾತೆಯ ಪಕ್ಕ ‘ಕಾಗದದ ತಟ್ಟೆ, ಲೋಟ’ ಬಂತು. ಜೊತೆಯ ಆಳು ಗಿರಿಜಾದೇವಿಯ ವೀಸಾ ನಂಬರಿನ ಪಕ್ಕ ‘ಎಣಗಾಯಿ, ಖಾರ ಕಡಿಮೆ’. ಪ್ರಿಯಾಂಕಾಳ ಪಾಸ್‌ಪೋರ್ಟಿನ ಪಕ್ಕ ‘ಶೇಂಗಾ ಹೋಳಿಗೆ, ನೂರು. ತುಪ್ಪ ಬೇರೆ’. ಶುಕ್ರವಾರ ತೆರೆದ ಹಾಳೆ ಸೋಮವಾರ ಮುಚ್ಚುವಷ್ಟರಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗಿ ಯಾವ ಕಳ್ಳನ ಅಂಗಳ ಮುಟ್ಟಿತ್ತೋ.

“ಸಾರ್, ಜನರ ಮಾಹಿತಿ ಸೋರಿದ್ರೆ ರೂಲ್ ಪ್ರಕಾರ ನಾವೇ ಮೂರು ದಿನದೊಳಗೆ ಮಾಹಿತಿ ಆಯುಕ್ತರ ಆಫೀಸಿಗೆ ಹೇಳ್ಬೇಕಿತ್ತು” ಎಂದ ವರುಣ್ ಮೂಲೆಯಿಂದ.

“ನೀ ಸುಮ್ನಿರಪಾ ಹೋಳಿಗಿ ಮಾಸ್ತರ!” ಸಿದ್ದಲಿಂಗಪ್ಪ ಪ್ರಿಯಾಂಕಾಳ ಕಡೆ ತಿರುಗಿದ. “ರವಿವಾರ ಊಟದಾಗ ಮೈಕ್ ಕೊಡ್ತೀನಿ. ನಿನ್ನ ಇಂಗ್ಲಿಷ್ ಬ್ಯಾಡ, ಕನ್ನಡದಾಗ ಹೇಳು. ನಮಗೇನೂ ತೊಂದ್ರಿ ಆಗಿಲ್ಲ, ಸಾವ್ಕಾರ್ರು ದೇವ್ರಂಥಾವ್ರು ಅನ್ನು. ದೂರು ಇಲ್ಲ ಅಂತ ಎಲ್ಲಾರೂ ಸಹಿನೂ ಹಾಕಬೇಕು. ವೀಸಾ ಅಂದ್ರ ಗಾಳಿಪಟ ಇದ್ದಂಗ, ತಿಳೀತಿಲ್ಲೋ? ದಾರ ನನ್ನ ಕೈಯಾಗ ಅದ.”

ತಿಳಿಯಿತು. ತಲೆಯಾಡಿಸಿ ಇಳಿದು ಬಂದಳು.

147ರ ಬಸ್ಸಿನ ಮಹಡಿಯಲ್ಲಿ ಕೂತಿದ್ದಾಗ ಫೋನು ಬಂತು. ಬ್ಯಾಂಕಿನವನಂತೆ. ಮುರುಕು ಹಿಂದಿಯಲ್ಲಿ “ಮೇಡಂ” ಎಂದ. ಪಾಸ್‌ಪೋರ್ಟ್ ನಂಬರ್ ಅವನೇ ಹೇಳಿದ, ಮನೆ ನಂಬರ್ ಹೇಳಿದ, “ತಾಯಿಯವರು ಶಾಂತವ್ವ ಅಲ್ಲವೇ?” ಎಂದು ಮರ್ಯಾದೆಯಿಂದ ಕೇಳಿದ. ಈಗೊಂದು ಆರಂಕಿಯ ನಂಬರ್ ಬರುತ್ತದೆ, ಅದನ್ನು ಹೇಳಿಬಿಟ್ಟರೆ ಖಾತೆ ಭದ್ರ ಎಂದ. ಅಷ್ಟರಲ್ಲಿ ಅವನಿಗೇ ಕುತೂಹಲ ಹುಟ್ಟಿತು. “ಒಂದು ಡೌಟು ಮೇಡಂ. ಈ ‘ಕಿಚನ್ ನೋ’ ಅಂದರೇನು? ಯಾವುದಾದರೂ ಸಾಲವೇ?”

ಪ್ರಿಯಾಂಕಾ ನಕ್ಕುಬಿಟ್ಟಳು. “ನಾನು ಅಡುಗೆ ಮಾಡಬಾರದಂತೆ. ಜಾತಿ” ಎಂದಳು ಹಿಂದಿಯಲ್ಲೇ.

“ಸಾರಿ ಮೇಡಂ” ಎಂದ. ಮತ್ತೆ, “ನಂಬರ್ ಬಂತೇ?”

ಕತ್ತರಿಸಿದಳು. ಲಂಡನ್ನಿನಲ್ಲಿ ಆ ವಿಷಯಕ್ಕೆ ಅವಳಿಗೆ ಸಾರಿ ಹೇಳಿದವನು ಅವನೊಬ್ಬನೇ.

ಈಸ್ಟ್ ಹ್ಯಾಮಿನ ಕೋಣೆಗೆ ಬಂದರೆ ಬಾಗಿಲ ಬುಡದಲ್ಲಿ ಫೋನ್ ಕಂಪನಿಯ ಪತ್ರ ಬಿದ್ದಿತ್ತು. ನೀವು ಕೊಂಡ ಎರಡು ಹೊಸ ಫೋನುಗಳಿಗೆ ಅಭಿನಂದನೆಗಳು, ಪ್ರತಿ ತಿಂಗಳೂ ಕಂತು ಕಟ್ಟಿ.

ಅದೇ ಕೋಣೆಯ ಇನ್ನೊಂದು ಮಂಚ ಗಿರಿಜಾದೇವಿಯದು. ಬೈಲಹೊಂಗಲದವಳು. ಪತ್ರ ಓದಿಸಿಕೊಂಡು, “ಆ ಮಂಗ್ಯಾನ ಮಗ ಕದ್ದರೆ ಕದೀಲಿ, ಅಭಿನಂದನೆ ಬ್ಯಾರೆ ಹೇಳ್ತಾರಲ್ಲ ಭಾಡ್ಯಾಗೋಳು!” ಎಂದಳು. “ನಡಿಯವಾ, ಪುಕ್ಕಟೆ ವಕೀಲರ ಕಡಿ ಹೋಗೂಣು.”

ಕಾನೂನು ಕೇಂದ್ರದ ವಕೀಲೆ ಪ್ರಾಚಿ ಇಲ್ಲಿಯೇ ಹುಟ್ಟಿದವಳು. ಕೂದಲಿಗೆ ನೀಲಿ ಬಣ್ಣ. ಕನ್ನಡವನ್ನು ಬೆಳಗಾವಿಯ ಅಜ್ಜಿಯೊಬ್ಬಳಿಂದಲೇ ಕಲಿತದ್ದರಿಂದ ಬಾಯಿ ತೆರೆದರೆ ಎಂಬತ್ತರ ಮುದುಕಿ.

“ಯವ್ವಾ ನನ್ನ ಮಗಳ, ಕೂಡು. ಮೊದಲ ಬ್ಯಾಂಕಿಗೆ ಹೇಳಿ ಬಾಗಲಾ ಹಾಕ್ಸು. ಪಾಸ್‌ವರ್ಡ್ ಎಲ್ಲಾ ಬದಲ್ ಮಾಡು, ಒಂದಕ್ಕ ಇಟ್ಟಿದ್ದು ಇನ್ನೊಂದಕ್ಕ ಇಡಬ್ಯಾಡ. ಆ ಫೋನಿನ ಕಂಪನಿಗೆ ಇದು ನಾನಲ್ಲ ಅಂತ ಬರಿ, ಮೋಸದ ತನಿಖೆ ಮಾಡೂ ಪೊಲೀಸರಿಗೂ ತಿಳಿಸು. ನಿನ್ನ ಹೆಸರಿಲೆ ಯಾರರೆ ಸಾಲ ಕೇಳಿದ್ರ ಎರಡು ಸಲ ವಿಚಾರಿಸ್ರಿ ಅಂತ ನೋಂದಣಿ ಮಾಡಸೂದು ಅದ, ಅದನ್ನೂ ಮಾಡ್ಸು.”

“ಮತ್ತ ನಮ್ಮ ಸಾವ್ಕಾರಗ?” ಎಂದಳು ಗಿರಿಜಾದೇವಿ.

“ಅವಗೂ ಬರೀಬೇಕು. ನಂದು ಏನೇನು ಹೋತು, ಯಾರ ಕೈಗೆ ಹೋತು, ಹೇಳು ಅಂತ. ತಿಂಗಳದಾಗ ಉತ್ತರ ಕೊಡಬೇಕು. ಮಾಹಿತಿ ಆಯುಕ್ತರಿಗೆ ದೂರು ಕೊಡಬಹುದು, ರೊಕ್ಕ ಬೀಳೂದಿಲ್ಲ. ಅವ್ರು ಅವನ ಕಿವಿ ಹಿಂಡ್ತಾರ, ಆದ್ರ ನಿಮಗ ಪರಿಹಾರ ಕೊಡಸಂಗಿಲ್ಲ. ಪರಿಹಾರಕ್ಕ ಕೋರ್ಟು. ರೊಕ್ಕ ಹೋಗದಿದ್ರೂ ಚಿಂತಿ ಹತ್ತಿ ನಿದ್ದಿ ಹೋತಲ್ಲ, ಅದಕ್ಕೂ ಕೇಳಬಹುದು. ಮತ್ತ ಅವ ಕೊಡೂ ಕಾಗದಕ್ಕ ಸಹಿ ಮಾಡಬ್ಯಾಡ್ರಿ, ನಿಮ್ಮ ಕೈ ಮುಗೀತೀನಿ.”

“ನಿದ್ದಿಗೂ ರೇಟ್ ಅದ ಏನವಾ!” ಗಿರಿಜಾದೇವಿಗೆ ಖುಷಿಯಾಯಿತು. “ಹಂಗಾರ ನಾ ಮೂರು ವರ್ಷದ್ದು ಕೇಳ್ತೀನಿ.”

ಪ್ರಿಯಾಂಕಾ ಕೇಳಿದ್ದು ಒಂದೇ. “ವೀಸಾ?”

ಪ್ರಾಚಿಯ ಮುದುಕಿ ದನಿ ತಗ್ಗಿತು. “ಖರೇ ಹೇಳ್ತೀನವ್ವಾ. ದೂರು ಕೊಟ್ಟಿ ಅಂತ ಕೆಲಸದಿಂದ ತಗದ್ರ ಅದು ಅವನ ತಪ್ಪು. ಆದ್ರ ತಪ್ಪು ಅಂತ ಸಾಬೀತ್ ಮಾಡೂದ್ರಾಗ ನಿನ್ನ ವೀಸಾ ತೀರಿರ್ತದ. ಎರಡು ತಿಂಗಳದಾಗ ಬ್ಯಾರೆ ಧಣಿ ಹುಡುಕಬೇಕಾಗ್ತದ. ಮತ್ತ ಸಾಕ್ಷಿ ಬೇಕು. ಆ ಹಾಳಿ ಯಾರ್ ಯಾರ್ ನೋಡ್ಯಾರ?”

“ರವಿವಾರ ಊಟಕ್ಕ ಬರಾವ್ರೆಲ್ಲಾ” ಎಂದಳು ಪ್ರಿಯಾಂಕಾ.

ಶನಿವಾರ ಅವಳು ಶೇಂಗಾ ಹುರಿದಳು, ಬೆಲ್ಲ ಕುಟ್ಟಿದಳು, ಹೂರಣ ಕಟ್ಟಿದಳು. “ಯಾರ ಸಲುವಾಗಿ ಇಷ್ಟು ಸಾಯಾಕತ್ತಿ?” ಎಂದು ಗಿರಿಜಾದೇವಿ ಬೈಯುತ್ತಲೇ ಲಟ್ಟಣಿಗೆ ಹಿಡಿದಳು. “ನನ್ನ ಹೆಸರಿನ ಮುಂದ ಬರದಾರಲ್ಲ ಯಕ್ಕಾ” ಎಂದಳು ಪ್ರಿಯಾಂಕಾ.

ರವಿವಾರ ಸಭಾಂಗಣ ತುಂಬಿತ್ತು. ಪೂಜೆಯಾಯಿತು, ವಿಭೂತಿ ಹಂಚಿದರು. ಊಟ ಅರ್ಧಕ್ಕೆ ಬಂದಾಗ ಸಿದ್ದಲಿಂಗಪ್ಪ ಒಂದು ಕೈಯಲ್ಲಿ ತಟ್ಟೆ, ಒಂದು ಕೈಯಲ್ಲಿ ಮೈಕು ಹಿಡಿದು, ಇಲ್ಲಿ ಮೇಲಿಲ್ಲ, ಕೀಳಿಲ್ಲ, ದುಡಿಯುವವರೇ ನಮ್ಮ ಬಂಧುಗಳು ಎಂದು ಮಾತಾಡಿದ. ನಡುನಡುವೆ ಹೋಳಿಗೆ ತಿಂದ. “ಯಾರ ಮನೀದಪಾ ಇದು? ಕೈಗೆ ಬಂಗಾರದ ಬಳಿ ಹಾಕಬೇಕು ನೋಡ್ರಿ!” ಎಂದ. ಜನ ಚಪ್ಪಾಳೆ ಹೊಡೆದರು. “ಈಗ ನಮ್ಮ ಹುಡುಗಿ ಎರಡು ಮಾತು ಹೇಳ್ತಾಳ” ಎಂದು ಮೈಕನ್ನು ಪ್ರಿಯಾಂಕಾಳಿಗೆ ಕೊಟ್ಟು ಇನ್ನೊಂದು ಹೋಳಿಗೆ ಬಾಯಿಗಿಟ್ಟ.

ಮೈಕು ಹಿಡಿದ ಅಂಗೈಗೆ ಅವ್ವನ ಎಣ್ಣೆ ಕಾಣದ ತಲೆ ತಾಗಿದಂತಾಯಿತು.

“ಶರಣ್ರೀ ಎಲ್ಲಾರಿಗೂ. ನಾ ಪ್ರಿಯಾಂಕಾ. ನನ್ನ ಪಾಸ್‌ಪೋರ್ಟ್ ನಂಬರ್ ನಿಮಗೆಲ್ಲಾ ಗೊತ್ತದ.” ತಮಾಷೆಯೆಂದು ಕೆಲವರು ನಕ್ಕರು. “ಅದರ ಬಾಜೂಕ ಯಾರೋ ನೂರು ಶೇಂಗಾ ಹೋಳಿಗಿ ಅಂತ ಬರದಿದ್ರಿ. ತಂದೀನ್ರಿ, ತಿಂದೀರಿ. ಅಲ್ಲೇ ‘ಕಿಚನ್ ನೋ’ ಅಂತನೂ ಇತ್ತು. ಅದನ್ನ ಬರದಾವ್ರು ನಮ್ಮ ಸಾವ್ಕಾರ್ರು. ನಾವು ಹೊಲಗೇರಿಯಾವ್ರು. ನಿಮ್ಮ ಅವ್ವ ಅಪ್ಪಗ ಜಳಕ ಮಾಡಸಬಹುದು, ಅಡಗಿ ಮನಿ ಹೊಸ್ತಿಲಾ ದಾಟೂವಂಗಿಲ್ಲ.”

ಸಿದ್ದಲಿಂಗಪ್ಪನ ಬಾಯಲ್ಲಿದ್ದ ಹೋಳಿಗೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. “ಮೈಕ್ ಬಂದ್ ಮಾಡಲೇ ವರುಣ್ಯಾ!” ಎಂಬುದು ಶೇಂಗಾಪುಡಿಯ ಜೊತೆ ಸಿಡಿಯಿತು.

“ಯಾವ ಸ್ವಿಚ್ ಅಂತ ಗೊತ್ತಾಗ್ತಿಲ್ಲ ಸಾರ್!” ವರುಣ್ ಮೊದಲು ಫ್ಯಾನು ಆರಿಸಿದ, ಆಮೇಲೆ ದೀಪ, ಕೊನೆಗೆ ಮೈಕು.

ಪ್ರಿಯಾಂಕಾ ಮೈಕನ್ನು ಮೇಜಿನ ಮೇಲಿಟ್ಟಳು. ಅಷ್ಟು ವರ್ಷ ಒಳಗಿದ್ದ ದನಿಗೆ ಅದು ಬೇಕಾಗಲಿಲ್ಲ. “ನನ್ನ ಹೆಸರಿಲೆ ಯಾವನೋ ಎರಡು ಫೋನು ತಗೊಂಡಾನ. ದೂರು ಮುಂಜಾನೇನ ಕಳಿಸೀನಿ. ಆ ಹಾಳಿ ನಿಮ್ಮ ಫೋನಿನಾಗ ಇದ್ರ ಒಂದು ಫೋಟೋ ತಗದು ನಮ್ಮ ವಕೀಲ್ರಿಗೆ ಕೊಡ್ರಿ, ಆಮ್ಯಾಲ ಅಳಿಸ್ರಿ. ಬಾಗಲದಾಗ ನಿಂತಾರ ನೋಡ್ರಿ, ನೀಲಿ ಕೂದಲದಾಕಿ.”

“ಅನ್ನ ಹಾಕಿದ ಕೈ ಕಡೀತೀಯೇನ ಬೋಸುಡಿ? ನಾಳಿಂದ ಬರಬ್ಯಾಡ ನೀ! ನಿನ್ನ ವೀಸಾ ಹರದು ಹಾಕ್ತೀನಿ!”

“ಹರೀರಿ ಸಾವ್ಕಾರ್ರ. ಮೊದಲ ಬಾಯಾಗಿಂದು ನುಂಗ್ರಿ.”

ಹೆಚ್ಚಿನವರು ತಟ್ಟೆ ನೋಡುತ್ತ ಕೂತರು. “ಊಟದ ಹೊತ್ತಿನಾಗ ಇದೆಲ್ಲಾ ಬೇಕಿತ್ತಾ?” ಎಂದರು ಯಾರೋ. ಗಿರಿಜಾದೇವಿ ಸಹಿ ಹಾಕಬೇಕಿದ್ದ ಕಾಗದಕ್ಕೆ ಎಣಗಾಯಿ ಎಣ್ಣೆಯ ಕೈ ಒರೆಸಿಕೊಂಡಳು. ಮೂರನೆಯ ಸಾಲಿನಿಂದ ಒಬ್ಬಳು ಎದ್ದು, ಚೀಲದಿಂದ ಫೋನು ತೆಗೆದು, ಬಾಗಿಲ ಕಡೆ ನಡೆದಳು. ಅವಳ ಹಿಂದೆ ಇನ್ನೂ ಯಾರೂ ಎದ್ದಿರಲಿಲ್ಲ.

ಪ್ರಿಯಾಂಕಾ ಅವ್ವನಿಗೆ ಕೊಟ್ಟ ಮಾತು ಮುರಿದಿದ್ದಳು.