ತುಟಿ ನೋಡಿ ಕಲಿತ ಸ್ವರಗಳು

ಕುಳಗೇರಿ ಕ್ರಾಸಿನಿಂದ ಒಳಗಿರುವ ಆ ಹಳ್ಳಿಯ ಸರಕಾರಿ ಶಾಲೆಗೆ ರೋಹಿಣಿ ಅತಿಥಿ ಶಿಕ್ಷಕಿಯಾಗಿ ಬಂದ ವರ್ಷ ಒಂದನೆಯ ತರಗತಿಯಲ್ಲಿ ಇಪ್ಪತ್ತೆರಡು ಮಕ್ಕಳಿದ್ದರು. ಸ್ವರ ಕಲಿಸಲು ಆಕೆ ಒಂದು ಆಟ ಹೂಡಿದ್ದಳು. ನೆಲದ ಮೇಲೆ ಸೀಮೆಸುಣ್ಣದಿಂದ ಅ, ಆ, ಇ, ಈ, ಉ, ಊ ಎಂದು ದೊಡ್ಡದಾಗಿ ಬರೆಯುತ್ತಿದ್ದಳು. ಆಕೆ ಕೂಗಿದ ಅಕ್ಷರದ ಮೇಲೆ ಮಕ್ಕಳು ಜಿಗಿದು ನಿಲ್ಲಬೇಕು. ಎಲ್ಲರಿಗಿಂತ ಮೊದಲು ಜಿಗಿಯುತ್ತಿದ್ದವಳು ನಿಖತ. ಆರು ವರ್ಷದ ಹುಡುಗಿ. ಮಾತೇ ಆಡುತ್ತಿರಲಿಲ್ಲ, ಆದರೆ ರೋಹಿಣಿಯ ಮುಖದ ಮೇಲಿಟ್ಟ ಕಣ್ಣು ಕೀಳುತ್ತಿರಲಿಲ್ಲ.

ನಿಖತಳ ತಂದೆ ಅಫ್ಸರ, ತಾಯಿ ಇಬ್ಬರೂ ಇಳಕಲ್ಲಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಡೆ ದುಡಿಯುತ್ತಿದ್ದರು. ಮಗು ಕೌದಿ ಹೊಲಿಯುವ ಅಜ್ಜಿ ದೌಲತಬಿಯ ಹತ್ತಿರ ಬೆಳೆಯುತ್ತಿತ್ತು.

"ಈ ಹುಡುಗಿ ಬಾಯೇ ಬಿಡಂಗಿಲ್ಲಲ್ರಿ ಸರ್," ಎಂದು ರೋಹಿಣಿ ಒಮ್ಮೆ ಮುಖ್ಯಗುರು ಶಂಕ್ರಪ್ಪನವರನ್ನು ಕೇಳಿದ್ದಳು.

"ಮನ್ಯಾಗ ಉರ್ದು ಮಾತಾಡ್ತಾರ್ರಿ ಅಕ್ಕೋರ. ಕನ್ನಡ ಕಿವಿಗೆ ಬೀಳಾಕ ಒಂದೆರಡು ವರ್ಷ ಬೇಕು. ತಲಿ ಕೆಡಿಸ್ಕೋಬ್ಯಾಡ್ರಿ."

ಆ ಮಾತು ರೋಹಿಣಿಗೆ ಒಪ್ಪಿಗೆಯಾಗಿತ್ತು.

ಸೆಪ್ಟೆಂಬರಿನಲ್ಲಿ ಅವಳಿಗೆ ಕೆಮ್ಮು ಹತ್ತಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಅಕ್ಷರ ಕೂಗಿದಳು. ಅಂದು ನಿಖತ ಜಿಗಿಯಲಿಲ್ಲ. ಉಳಿದವರ ಕಾಲುಗಳು ಎತ್ತ ಹೋಗುತ್ತವೆಂದು ನೋಡಿ, ತಡವಾಗಿ ಅವರ ಹಿಂದೆ ಹೋದಳು. ರೋಹಿಣಿ ಅವಳೊಬ್ಬಳನ್ನೇ ನಿಲ್ಲಿಸಿ ಕೂಗಿದಳು. ಹುಡುಗಿ ಸೆರಗಿನ ಕಡೆ ನೋಡುತ್ತ ನಿಂತೇ ಇದ್ದಳು.

"ಇಷ್ಟು ದಿನಾ ಮಂದೀದ ನೋಡಿ ಜಿಗಿದಿಯೇನ? ನನಗ ಮೋಸಾ ಮಾಡ್ತಿ?"

ನಿಖತ ನಕ್ಕಳು. ಅದು ತಿಳಿಯದವಳ ನಗು. ರೋಹಿಣಿಗೆ ಅದು ಉದ್ಧಟತನವಾಗಿ ಕಂಡಿತು. ಮುಂದಿನ ತಿಂಗಳು ಮಕ್ಕಳ ಓದು ಪರೀಕ್ಷಿಸಲು ಮೇಲಿನವರು ಬರುವವರಿದ್ದರು. ಮೊದಲ ವರ್ಷದ ಕೆಲಸ, ಹೆಸರು ಕೆಟ್ಟರೆ ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ. ಅದೇ ವಾರ ಬೇರೆ ಮಕ್ಕಳೂ ದೂರು ತಂದರು: "ಅಕ್ಕೋರ, ನಿಖತನ ಕಿವ್ಯಾಗಿಂದ ವಾಸನಿ ಬರ್ತೈತ್ರಿ."

ರೋಹಿಣಿ ಹುಡುಗಿಯನ್ನು ಮೂಲೆಗೆ ಒಯ್ದು, ಗೋಡೆಯ ಕಡೆ ಮುಖ ಮಾಡಿ ಕೂಡಿಸಿದಳು. ಯಾರದನ್ನೂ ನೋಡಬಾರದು, ಪಾಟಿಯ ಮೇಲೆ ತಾನೇ ಬರೆಯಬೇಕು. ಒಂದೆರಡು ದಿನ ನಿಖತ ತಿರುತಿರುಗಿ ನೋಡಿದಳು. ತಿರುಗಿದಾಗಲೆಲ್ಲ ರೋಹಿಣಿ ತಲೆ ಹಿಡಿದು ಗೋಡೆಯ ಕಡೆ ಹೊರಳಿಸಿದಳು. ಆಮೇಲೆ ಅವಳು ತಿರುಗುವುದನ್ನು ಬಿಟ್ಟಳು. ಹೀಗೆ ಮೂರು ವಾರ.

ನಾಲ್ಕನೆಯ ವಾರ ಹುಡುಗಿ ಶಾಲೆಗೇ ಬರಲಿಲ್ಲ. ಮೂರು ದಿನ ಕಾದು ರೋಹಿಣಿ ಮನೆ ಹುಡುಕಿಕೊಂಡು ಹೋದಳು. ನಿಖತ ಅರ್ಧ ಹೊಲಿದ ಕೌದಿಯ ಮೇಲೆ ಮಲಗಿದ್ದಳು. ಮೈ ಸುಡುತ್ತಿತ್ತು. ಬಲಗಿವಿಯ ಹಿಂದೆ ಲಿಂಬೆಹಣ್ಣಿನಷ್ಟು ಬಾವು ಬಂದು ಕಿವಿ ಮುಂದಕ್ಕೆ ಬಾಗಿತ್ತು.

"ಕಿವಿ ಸೋರೂದು ಹಳೇದ್ರಿ," ಎಂದಳು ದೌಲತಬಿ. "ಬೆಳ್ಳೊಳ್ಳಿ ಎಣ್ಣಿ ಕಾಸಿ ಬಿಡ್ತಿದ್ನಿ. ಜ್ವರ ಈಗ ಬಂದೈತಿ."

"ಅಮ್ಮಾ, ಮನ್ಯಾಗ ಮಾತಾಡ್ತಾಳೇನ್ರಿ ಈಕಿ? ಉರ್ದುದಾಗ?"

"ಮೊದಲ ಆಡ್ತಿದ್ಲು. ಬರಬರ್ತ ಕಡಿಮಿ ಆತು. ಸಾಲ್ಯಾಗ ಕನ್ನಡ ಕಲಸಾಕತ್ತೀರಿ, ಅದಕ್ಕ ನಮ್ಮ ಮಾತು ಮರತಾಳ ಅನ್ಕೊಂಡಿದ್ನಿ."

ರೋಹಿಣಿಗೆ ಒಮ್ಮೆಲೇ ತಿಳಿಯಿತು. ಹುಡುಗಿ ಮಾತಾಡದ್ದನ್ನು ಶಾಲೆ ಉರ್ದುವಿನ ಮೇಲೆ ಹಾಕಿತ್ತು, ಮನೆ ಕನ್ನಡದ ಮೇಲೆ ಹಾಕಿತ್ತು. ಹುಡುಗಿಗೆ ಎರಡೂ ಕೇಳುತ್ತಿರಲಿಲ್ಲ. ಮಗುವಿನ ಬೆನ್ನ ಹಿಂದೆ ಕೂತು ಹೆಸರು ಹಿಡಿದು ಕೂಗಿದಳು. ಇನ್ನೊಮ್ಮೆ, ಗಂಟಲು ಹರಿಯುವಂತೆ ಕೂಗಿದಳು. ಎಚ್ಚರವಿದ್ದ ಹುಡುಗಿ ತಲೆ ಕೂಡ ತಿರುಗಿಸಲಿಲ್ಲ.

ಅಜ್ಜಿಯ ಜೊತೆ ರೋಹಿಣಿಯೂ ಮಗುವನ್ನು ಕರೆದುಕೊಂಡು ಹೊರಟಳು. ಬಾದಾಮಿಯ ದವಾಖಾನೆಯವರು ನೋಡಿದವರೇ ಬಾಗಲಕೋಟೆಗೆ ಒಯ್ಯಲು ಹೇಳಿದರು. ಅಲ್ಲಿ ಮರುದಿನವೇ ಆಪರೇಶನ್ ಆಯಿತು. ಕೀವು ಎಲುಬು ತಿಂದು ಮಿದುಳಿನ ಹತ್ತಿರ ಹೋಗಿತ್ತು. ಜೀವ ಉಳಿಯಿತು. ಬಲಗಿವಿ ಪೂರ್ತಿ ಹೋಯಿತು, ಎಡಗಿವಿಯಲ್ಲೂ ಉಳಿದದ್ದು ಅಷ್ಟಕ್ಕಷ್ಟೆ.

"ಒಂದ ತಿಂಗಳ ಮೊದಲ ತಂದಿದ್ರೂ ಇಷ್ಟಕ್ಕ ಬರ್ತಿದ್ದಿಲ್ಲ," ಎಂದರು ಡಾಕ್ಟರು. "ಸಾಲ್ಯಾಗ ಯಾರಿಗೂ ಗೊತ್ತಾಗಲಿಲ್ಲೇನು?"

ರೋಹಿಣಿ ಬಾಯಿ ತೆರೆಯುವ ಮೊದಲೇ ದೌಲತಬಿ ಅಂದಳು, "ಅಕ್ಕೋರಿಗೆ ಏನೂ ಅನಬ್ಯಾಡ್ರಿ ಸಾಹೇಬ್ರ. ಅವರು ಬಂದಿದ್ದಕ್ಕ ಕೂಸು ಉಳದೈತಿ. ಅವರ ಉಪಕಾರ ನಾ ಸಾಯೂತನಕ ಮರಿಯಂಗಿಲ್ಲ."

ಆ ಮಾತನ್ನು ಹೊತ್ತುಕೊಂಡು ಇರುವುದು ರೋಹಿಣಿಯಿಂದ ಆಗಲಿಲ್ಲ. ಹೊರಗೆ ಬೆಂಚಿನ ಮೇಲೆ ಮುದುಕಿಯ ಪಕ್ಕ ಕೂತು ಎಲ್ಲ ಹೇಳಿದಳು. "ಆಕಿ ನನ್ನ ತುಟಿ ನೋಡಿ ಅಕ್ಷರಾ ಕಲ್ತಿದ್ಲು, ಅಮ್ಮಾ. ನನಗ ತಿಳೀಲಿಲ್ಲ. ಗ್ವಾಡಿ ಕಡೆ ಮುಖಾ ಮಾಡಿ ಕುಂದ್ರಿಸಿದ್ನಿ. ವಾಸನಿ ಬರ್ತೈತಿ ಅಂತ ಹುಡುಗ್ರು ಹೇಳಿದ್ರೂ ಕಿವಿ ನೋಡಲಿಲ್ಲ."

ದೌಲತಬಿ ಕೇಳಿದಳು, "ಎಷ್ಟು ದಿವಸ?"

"ಮೂರು ವಾರ."

ಮುದುಕಿ ಬೈಯಲಿಲ್ಲ. ತನ್ನ ಕೈಚೀಲ ಎತ್ತಿಕೊಂಡು ಹೋಗಿ ಬೇರೆ ಬೆಂಚಿನ ಮೇಲೆ ಕೂತಳು.

ದೀಪಾವಳಿ ಕಳೆದ ಮೇಲೆ ನಿಖತ ಶಾಲೆಗೆ ಬಂದಳು. ರೋಹಿಣಿ ಅವಳನ್ನು ಎಲ್ಲರಿಗಿಂತ ಮುಂದೆ ಕೂಡಿಸಿಕೊಂಡು, ತಾನೂ ನೆಲದ ಮೇಲೆ ಕೂತು, ಬಾಯಿ ಅಗಲಿಸಿ ನಿಧಾನವಾಗಿ "ಅ" ಅಂದಳು. ನಿಖತ ತಲೆ ಬಗ್ಗಿಸಿದಳು. ಗದ್ದ ಹಿಡಿದು ಮೆಲ್ಲಗೆ ಎತ್ತಿದರೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಬೇರೆ ಮಕ್ಕಳ ಮುಖ ನೋಡುತ್ತಿದ್ದಳು, ಶಂಕ್ರಪ್ಪನವರ ಮುಖ ನೋಡುತ್ತಿದ್ದಳು. ರೋಹಿಣಿಯ ಮುಖವನ್ನು ಮಾತ್ರ ನೋಡಲಿಲ್ಲ.

ಡಿಸೆಂಬರಿನಲ್ಲಿ ಅಫ್ಸರ ಬಂದು ಮಗಳ ಶಾಲೆ ಬಿಡಿಸುವ ಅರ್ಜಿ ಕೊಟ್ಟ. ಇಳಕಲ್ಲಿಗೆ ಕರೆದೊಯ್ದು, ಕಿವಿ ಕೇಳದ ಮಕ್ಕಳ ಶಾಲೆ ಎಲ್ಲಿದೆ ಎಂದು ಅಲ್ಲಿಂದಲೇ ವಿಚಾರಿಸುತ್ತೇನೆ ಎಂದ. ಅವನಿಗೆ ತಾಯಿ ದೌಲತಬಿ ಎಷ್ಟು ಹೇಳಿದ್ದಳೋ ಗೊತ್ತಿಲ್ಲ.

"ಅಕ್ಷರಾ ಎಷ್ಟು ಬರ್ತಾವ್ರಿ ಈಕಿಗೆ?" ಎಂದು ಕೇಳಿದ.

"ಊ ತನಕ ಬರ್ತಿದ್ವು," ಎಂದಳು ರೋಹಿಣಿ. "ಎಲ್ಲಾರಕಿಂತ ಮೊದಲ ಕಲ್ತಿದ್ಲು. ಈಗ ಎಷ್ಟು ಉಳದಾವು ನನಗ ಗೊತ್ತಿಲ್ರಿ."

ಅಫ್ಸರ ತಲೆಯಾಡಿಸಿ, ಮಗಳ ಬೆರಳು ಹಿಡಿದು ಬಸ್ಸಿನ ಕಡೆ ನಡೆದ.